ಲಾಂಡ್ರಿಗೆ ಬೀಳುವ ಬೆಂಕಿಯೆಲ್ಲ ಶಾರ್ಟ್ ಸರ್ಕಿಟ್ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಲಾಂಡ್ರಿಗೆ ಬೆಂಕಿ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಕೊನೆಯ ಸಾಲು ಬಹುಪಾಲು ಒಂದೇ ಇರುತ್ತದೆ: ಶಾರ್ಟ್ ಸರ್ಕಿಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ. ಅದನ್ನು ಓದಿದ ಇನ್ನೊಬ್ಬ ಲಾಂಡ್ರಿ ಮಾಲೀಕ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ವೈರು, ಎಂಸಿಬಿ (ಲೋಡ್ ಮೀರಿದಾಗ ಕರೆಂಟ್ ಕಡಿಯುವ ಸ್ವಿಚ್) ನೋಡಿಸಿ ನಿಶ್ಚಿಂತನಾಗುತ್ತಾನೆ. ಅವನ ಡ್ರೈಯರ್‌ನ ಹಿಂದೆ ಒಂದು ಗೇಣು ಲಿಂಟ್ (ಬಟ್ಟೆಯಿಂದ ಉದುರುವ ನವಿರು ಎಳೆ) ಕೂತಿರುತ್ತದೆ, ಮಸಾಜ್ ಸೆಂಟರ್‌ನ ಟವೆಲ್‌ಗಳು ಬಿಸಿಬಿಸಿಯಾಗಿಯೇ ಮೂಟೆ ಕಟ್ಟಿಕೊಂಡು ಮೂಲೆ ಸೇರಿರುತ್ತವೆ. ಬೆಂಕಿ ಹೊತ್ತುವುದು ಅಲ್ಲಿ. ಲಾಂಡ್ರಿ ಕೆಲಸ, ಯಂತ್ರಗಳ ರಿಪೇರಿ ಎರಡನ್ನೂ ಬಲ್ಲ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇವೆ.

ಪಿಜಿ, ಹಾಸ್ಟೆಲ್, ಸಲೂನ್, ಹೋಂಸ್ಟೇ, ನರ್ಸಿಂಗ್ ಹೋಂಗಳ ಬಟ್ಟೆ ಒಗೆಯುವ ಸಣ್ಣ ಲಾಂಡ್ರಿಗಳು ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಬೀದಿಬೀದಿಗೆ ಬಂದಿವೆ. 10ರಿಂದ 15 ಕಿಲೋ ಸಾಮರ್ಥ್ಯದ ಎರಡು ಮೂರು ಡ್ರೈಯರ್‌ಗಳು, ಮೇಲಿನ ಮಹಡಿಯಲ್ಲಿ ಸಂಸಾರಗಳು, ಮುಂದೆ ಒಂದೇ ಶಟರ್. ಇಂಥ ಜಾಗದಲ್ಲಿ ಬೆಂಕಿಯ ದಾರಿಯನ್ನು ಮಾಲೀಕ ತಿಳಿದಿರಲೇಬೇಕು.

ಮೊದಲು ಗಾಳಿಯ ವಿಷಯ. ಡ್ರೈಯರ್ ಅಂಗಡಿಯ ಗಾಳಿಯನ್ನು ಎಳೆದುಕೊಂಡು ಹೀಟರ್ ಅಥವಾ ಗ್ಯಾಸ್ ಬರ್ನರ್ ಮೇಲೆ ಹಾಯಿಸಿ ಡ್ರಮ್‌ಗೆ ಬಿಡುತ್ತದೆ. ಬಟ್ಟೆಯ ತೇವ ಹೊತ್ತ ಆ ಗಾಳಿ ಲಿಂಟ್ ಜಾಲರಿ ದಾಟಿ, ಬ್ಲೋವರ್ (ಗಾಳಿ ತಳ್ಳುವ ಫ್ಯಾನು) ಮೂಲಕ ಡಕ್ಟ್ ಎಂಬ ಕೊಳವೆ ಸೇರಿ ಹೊರಗೆ ಹೋಗುತ್ತದೆ. ಬಟ್ಟೆಯಿಂದ ಉದುರುವ ನವಿರು ಎಳೆಯನ್ನೆಲ್ಲ ಜಾಲರಿ ಹಿಡಿಯುವುದಿಲ್ಲ. ತಪ್ಪಿಸಿಕೊಂಡದ್ದು ಬ್ಲೋವರ್‌ನ ರೆಕ್ಕೆಗೆ, ಡಕ್ಟ್‌ನ ತಿರುವಿಗೆ, ಕ್ಯಾಬಿನೆಟ್ಟಿನ ತಳಕ್ಕೆ ಅಂಟುತ್ತದೆ. ಗಾಳಿಯ ದಾರಿ ಕಿರಿದಾದಷ್ಟೂ ಹೀಟರ್‌ನ ಕಾವು ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಯಂತ್ರದ ಹಿಂದೆ ನೆಲದ ಮೇಲೆ ಬಿದ್ದ ಲಿಂಟ್ ಗಾಳಿಯ ಜೊತೆ ಎಳೆದುಕೊಂಡು ಹೀಟರ್‌ಗೇ ಬಂದು ತಾಗುತ್ತದೆ. ಹತ್ತಿಯ ಎಳೆ ಕ್ಷಣದಲ್ಲಿ ಹೊತ್ತುತ್ತದೆ, ಕಿಡಿಯನ್ನು ಬ್ಲೋವರ್ ಡಕ್ಟ್ ಉದ್ದಕ್ಕೂ ಒಯ್ಯುತ್ತದೆ. ಆದ್ದರಿಂದ ಜಾಲರಿ ಮಾತ್ರ ಚೊಕ್ಕ ಮಾಡಿ ಯಂತ್ರದ ಬೆನ್ನಿನ ಕಡೆ ನೋಡದಿದ್ದರೆ ಅರ್ಧ ಕೆಲಸವೂ ಆಗಿಲ್ಲ.

ಅಮೆರಿಕದಲ್ಲಿ 2008ರಿಂದ 2010ರವರೆಗಿನ ಲೆಕ್ಕದಂತೆ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್ ಬೆಂಕಿ ಆಗುತ್ತಿತ್ತು. ಗುರುತಿಸಿದ ಕಾರಣಗಳಲ್ಲಿ ಮೊದಲನೆಯದು ಚೊಕ್ಕ ಮಾಡದೇ ಇದ್ದದ್ದು, ಶೇ 34. ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ 2016ರ ಆಗಸ್ಟ್‌ನಲ್ಲಿ 18 ಅಂತಸ್ತಿನ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಒಂದು ಫ್ಲ್ಯಾಟ್‌ನ ಡ್ರೈಯರ್‌ನಿಂದ. ಆ ಬಗೆಯ ಡ್ರೈಯರ್‌ಗಳಲ್ಲಿ ಲಿಂಟ್ ಹೀಟರ್‌ಗೆ ತಾಗಿ ಹೊತ್ತಬಹುದೆಂದು ತಯಾರಕರೇ 2015ರಲ್ಲಿ ಎಚ್ಚರಿಸಿದ್ದರು. ಒಂದು ಮನೆಯ ಬಟ್ಟೆ ಒಣಗಿಸುವ ಯಂತ್ರದ ಕತೆಯೇ ಹೀಗಾದರೆ ದಿನಕ್ಕೆ ಹನ್ನೆರಡು ಲೋಡ್ ಹೊಡೆಯುವ ಯಂತ್ರದ ಗತಿ ಏನೆಂದು ಯೋಚಿಸಬೇಕು.

ಜಾಲರಿಯನ್ನು ಮೂರು ನಾಲ್ಕು ಲೋಡ್‌ಗೊಮ್ಮೆ ತೆಗೆದು ಒರೆಸಬೇಕು. ಹೊಸ ಟವೆಲ್, ಹೊಸ ಬೆಡ್‌ಶೀಟ್ ಆದರೆ ಪ್ರತಿ ಲೋಡ್‌ಗೂ. ತಿಂಗಳಿಗೊಮ್ಮೆ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಸಲೀಸಾಗಿ ಇಳಿಯದೆ ಜಾಲರಿಯ ಮೇಲೇ ನಿಂತರೆ, ಬಟ್ಟೆ ಮೃದುವಾಗಲೆಂದು ಹಾಕುವ ಸಾಫ್ಟ್‌ನರ್‌ನ ಪೊರೆ ಕಣ್ಣುಗಳನ್ನು ಮುಚ್ಚಿದೆ ಎಂದರ್ಥ. ಕಣ್ಣಿಗೆ ಜಾಲರಿ ಚೊಕ್ಕಟವಾಗಿಯೇ ಕಾಣುತ್ತಿರುತ್ತದೆ, ಗಾಳಿ ಮಾತ್ರ ಹೋಗುತ್ತಿರುವುದಿಲ್ಲ. ಬಿಸಿನೀರು, ಸೋಪಿನಪುಡಿ, ಮೆದು ಬ್ರಷ್‌ನಿಂದ ಉಜ್ಜಿ ಪೂರ್ತಿ ಒಣಗಿಸಿ ಹಾಕಬೇಕು. ಹರಿದ ಜಾಲರಿಗೆ ಹೊಲಿಗೆ ಹಾಕಿ ದಿನ ದೂಡಬೇಡಿ, ಹೊಸದು ತರಿಸಿ. ಜಾಲರಿಯ ಕೆಳಗಿನ ಗೂಡು ಮತ್ತು ಯಂತ್ರದ ಹಿಂಬದಿಯನ್ನು ವಾರಕ್ಕೊಮ್ಮೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬೇಕು. ಕೈಯಲ್ಲಿ ಹಿಡಿಯುವ ಬ್ಲೋವರ್‌ನಿಂದ ಗಾಳಿ ಹೊಡೆದು ಊದಿ ಹಾರಿಸುವ ರೂಢಿ ಅನೇಕರಿಗೆ ಇದೆ. ಹಾರಿದ್ದು ಪಕ್ಕದ ಯಂತ್ರದ ಹೀಟರ್‌ಗೆ ಹೋಗುತ್ತದೆ, ಆ ರೂಢಿ ಬಿಡಬೇಕು. ಡಕ್ಟ್ ಬಿಚ್ಚಿ ಚೊಕ್ಕ ಮಾಡುವುದು ಮೂರು ತಿಂಗಳಿಗೊಮ್ಮೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಲೋಡ್ ದುಪ್ಪಟ್ಟಾಗುತ್ತದೆ, ತೇವಕ್ಕೆ ಲಿಂಟ್ ತಗಡಿಗೆ ಮೆತ್ತಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಬಿಚ್ಚುವುದು ಮೇಲು. ತೆಗೆದ ಲಿಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಯಂತ್ರದ ಪಕ್ಕ ಇಡದೆ ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ಹಾಕಿ ನೀರು ಚಿಮುಕಿಸಿ.

ಡಕ್ಟ್ ಎಂದರೆ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ಗಟ್ಟಿ ಕೊಳವೆ. ಪಿವಿಸಿ ಪೈಪು ಬೇಡ. ಸುಕ್ಕುಸುಕ್ಕಾದ ಫಾಯಿಲ್ ಕೊಳವೆಯೂ ಬೇಡ. ಅದರ ಒಂದೊಂದು ಸುಕ್ಕೂ ಲಿಂಟ್ ಹಿಡಿಯುವ ತಟ್ಟೆ. ಕೊಳವೆಗಳ ಜೋಡಣೆಗೆ ಒಳಗೆ ಮೊನೆ ಚಾಚುವ ಸ್ಕ್ರೂ ಹೊಡೆಯಬಾರದು, ಆ ಮೊನೆಗೇ ಎಳೆ ಸಿಕ್ಕಿ ಬೆಳೆಯುತ್ತದೆ. ಅಲ್ಯೂಮಿನಿಯಂ ಟೇಪು ಸಾಕು. ಒಂದು ಕೊಳವೆಯ ತುದಿ ಮುಂದಿನದರ ಒಳಗೆ ಗಾಳಿ ಹೋಗುವ ದಿಕ್ಕಿನಲ್ಲೇ ಸೇರಬೇಕು. ತಿರುವು ಕಡಿಮೆ ಇದ್ದಷ್ಟೂ ಒಳ್ಳೆಯದು. ಅಮೆರಿಕದ ಮನೆ ಕಟ್ಟಡಗಳ ನಿಯಮದಲ್ಲಿ 4 ಇಂಚಿನ ಡಕ್ಟ್‌ಗೆ ಒಟ್ಟು 35 ಅಡಿ ಮಿತಿ, ಪ್ರತಿ 90 ಡಿಗ್ರಿ ತಿರುವಿಗೆ ಅದರಿಂದ 5 ಅಡಿ ಕಳೆಯಬೇಕು. ಒಂದು ತಿರುವು ಎಷ್ಟು ಗಾಳಿ ತಿನ್ನುತ್ತದೆ ಎಂಬ ಅಂದಾಜಿಗೆ ಇದನ್ನು ಹೇಳಿದೆವು. ನಿಮ್ಮ ಯಂತ್ರದ ಮಿತಿ ಅದರ ಕೈಪಿಡಿಯಲ್ಲಿರುತ್ತದೆ, ಅದನ್ನೇ ಪಾಲಿಸಿ. ಎರಡು ಮೂರು ಯಂತ್ರಗಳನ್ನು ಒಂದೇ ಸಣ್ಣ ಡಕ್ಟ್‌ಗೆ ಸೇರಿಸಿದರೆ, ನಿಂತಿರುವ ಯಂತ್ರದೊಳಕ್ಕೆ ಓಡುವ ಯಂತ್ರದ ಲಿಂಟ್ ವಾಪಸ್ ಬರುತ್ತದೆ.

ಪಾರಿವಾಳ ಗೂಡು ಕಟ್ಟುತ್ತದೆಂದು ಡಕ್ಟ್‌ನ ಬಾಯಿಗೆ ಸೊಳ್ಳೆ ಪರದೆಯಂಥ ಜಾಲರಿ ಹೊಡೆದವರನ್ನು ಎಲ್ಲ ಊರಲ್ಲೂ ಕಾಣುತ್ತೇವೆ. ಅದು ಕೆಲವೇ ವಾರಗಳಲ್ಲಿ ಕಂಬಳಿಯಂತೆ ಮುಚ್ಚಿಕೊಳ್ಳುತ್ತದೆ. ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚುವ ತಗಡಿನ ಫ್ಲ್ಯಾಪ್ ಹಾಕಿಸಿ, ಡ್ರೈಯರ್ ಓಡುವಾಗ ಅದು ಪೂರ್ತಿ ತೆರೆದಿದೆಯೇ ಎಂದು ಹೊರಗೆ ಹೋಗಿ ನೋಡಿ. ಗೋಡೆ ಕೊರೆಯಲು ಬಿಲ್ಡಿಂಗ್ ಓನರ್ ಒಪ್ಪಲಿಲ್ಲವೆಂದು ಡಕ್ಟನ್ನು ಮೆಟ್ಟಿಲ ಕೆಳಗೋ ಫಾಲ್ಸ್ ಸೀಲಿಂಗ್ ಒಳಗೋ ಬಿಡುವವರೂ ಇದ್ದಾರೆ. ಹಾಗೆ ಒಪ್ಪದ ಕಟ್ಟಡದಲ್ಲಿ ಡ್ರೈಯರ್ ಹಾಕಲೇಬಾರದು. ಮೇಲೆ ಮಲಗುವವರು ಬೇರೆಯವರ ಮಕ್ಕಳು. ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕು ಎಂಬುದನ್ನು ಮರೆಯಬಾರದು. ಎಸಿ ಹಾಕಿ ಗಾಜಿನ ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಗ್ಯಾಸ್ ಬರ್ನರ್‌ನ ನೀಲಿ ಉರಿ ಹಳದಿಗೆ ತಿರುಗಿ ಮಸಿ ಕಟ್ಟುತ್ತದೆ, ಹೊಗೆಯ ವಿಷಾನಿಲವೂ ಒಳಗೇ ಉಳಿಯುತ್ತದೆ.

ಗಾಳಿ ಕಟ್ಟಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಡಕ್ಟ್ ಚೊಕ್ಕ ಮಾಡಿದ ದಿನ 10 ಕಿಲೋ ಟವೆಲ್ ಒಣಗಲು ಎಷ್ಟು ನಿಮಿಷ ಬೇಕಾಯಿತೆಂದು ಗೋಡೆಯ ಮೇಲೆ ಬರೆದಿಡಿ. ಅಷ್ಟೇ ಟವೆಲ್, ಅಷ್ಟೇ ಸ್ಪಿನ್ ಇದ್ದೂ ಹತ್ತು ನಿಮಿಷ ಹೆಚ್ಚು ಹಿಡಿಯತೊಡಗಿದರೆ ಟೈಮರ್ ಏರಿಸಬೇಡಿ, ಡಕ್ಟ್ ಬಿಚ್ಚಿ.

ಇನ್ನು ಎಣ್ಣೆ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯೂ ಎಲ್ಲಕ್ಕಿಂತ ಕಡಿಮೆ ಜನರಿಗೆ ತಿಳಿದದ್ದೂ ಇದೇ. ಪಂಚಕರ್ಮ ಕೇಂದ್ರ, ಸ್ಪಾ, ಸಲೂನ್‌ಗಳ ಟವೆಲ್, ಹೋಟೆಲ್ ಅಡುಗೆಮನೆಯ ಒರೆಸುವ ಬಟ್ಟೆ ಒಂದು ಸಲ ಒಗೆದರೆ ಎಣ್ಣೆ ಪೂರ್ತಿ ಹೋಗುವುದಿಲ್ಲ. ಎಳೆಯೊಳಗೆ ಉಳಿದ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುತ್ತಾ ತಾನೇ ಕಾವು ಹುಟ್ಟಿಸುತ್ತದೆ. ತಣ್ಣಗಿದ್ದಾಗ ಅದು ನಿಧಾನ. ಡ್ರೈಯರ್‌ನಲ್ಲಿ 70 ಡಿಗ್ರಿಗೆ ಕಾಯಿಸಿ ತೆಗೆದಾಗ ಎಷ್ಟೋ ಪಟ್ಟು ಚುರುಕು. ಹಾಗೆ ಬಿಸಿಯಾದ ಬಟ್ಟೆಯನ್ನು ಮಡಿಸಿ ಒಂದರ ಮೇಲೊಂದು ಪೇರಿಸಿದರೆ ಹೊರಗಿನವು ಕಂಬಳಿಯ ಕೆಲಸ ಮಾಡಿ ನಡುವಿನ ಕಾವನ್ನು ಹಿಡಿದಿಡುತ್ತವೆ. ಒಂದು ಕಡೆ ಕಾವು ಹುಟ್ಟುತ್ತಲೇ ಇರುತ್ತದೆ, ಇನ್ನೊಂದು ಕಡೆ ಹೊರಗೆ ಹೋಗಲು ದಾರಿ ಇಲ್ಲ. ಕೆಲವು ಗಂಟೆಗಳಲ್ಲಿ ನಡುವಿನ ಟವೆಲ್ ಕಂದಿ, ಕಮರಿ, ಹೊಗೆಯಾಡಿ ಉರಿ ಹೊತ್ತುತ್ತದೆ. ಆ ಹೊತ್ತಿಗೆ ಶಟರ್ ಎಳೆದು ಎಲ್ಲರೂ ಮನೆಗೆ ಹೋಗಿರುತ್ತಾರೆ. ನಡುರಾತ್ರಿ ಬೆಂಕಿ ಕಂಡಾಗ ಯಾವ ಯಂತ್ರವೂ ಓಡುತ್ತಿರಲಿಲ್ಲ, ಹಾಗಾಗಿ ವೈರಿಂಗ್‌ದೇ ತಪ್ಪು ಎಂದು ತೀರ್ಮಾನವಾಗಿಬಿಡುತ್ತದೆ.

ಎಲ್ಲ ಎಣ್ಣೆಯೂ ಒಂದೇ ಸಮ ಅಲ್ಲ. ಆಮ್ಲಜನಕವನ್ನು ಎಷ್ಟು ಬೇಗ ಹೀರುತ್ತದೆ ಎಂಬುದಕ್ಕೆ ಅಯೋಡಿನ್ ಸಂಖ್ಯೆ ಒಳ್ಳೆಯ ಸೂಚಕ. ಅಗಸೆ ಎಣ್ಣೆಗೆ ಅದು 170ಕ್ಕೂ ಮೇಲೆ, ಸೂರ್ಯಕಾಂತಿಗೆ 130ರ ಆಸುಪಾಸು, ಎಳ್ಳೆಣ್ಣೆಗೆ ಸುಮಾರು 110, ಕಡಲೆಕಾಯಿ ಎಣ್ಣೆಗೆ 90ರ ಹತ್ತಿರ, ಕೊಬ್ಬರಿ ಎಣ್ಣೆಗೆ 10ಕ್ಕಿಂತ ಕಡಿಮೆ. ಧನ್ವಂತರಂ, ಕ್ಷೀರಬಲದಂಥ ತೈಲಗಳ ತಳಹದಿ ಎಳ್ಳೆಣ್ಣೆ. ಕೊಬ್ಬರಿ ಎಣ್ಣೆಯ ಟವೆಲ್‌ಗಿಂತ ಪಂಚಕರ್ಮದ ಬೆಡ್‌ಶೀಟ್‌ಗೆ ಹೆಚ್ಚು ಹೆದರಬೇಕಾದದ್ದು ಅದಕ್ಕೇ. ಮರದ ಪಾಲಿಶ್ ಕೆಲಸದ ಚಿಂದಿಯಲ್ಲಿ ಅಗಸೆ ಎಣ್ಣೆ ಇರಬಹುದು, ಅದನ್ನು ಲಾಂಡ್ರಿಗೆ ತೆಗೆದುಕೊಳ್ಳಲೇಬೇಡಿ. ಹಸಿ ಹುಲ್ಲು ಒಟ್ಟಿದ ಬಣವೆ ಒಳಗೊಳಗೇ ಕಾದು ಹೊತ್ತುವುದನ್ನು ರೈತರು ಬಲ್ಲರು. ಮೂಲ ಬೇರೆಯಾದರೂ ರಾಶಿಯೊಳಗೆ ಕಾವು ಸಿಕ್ಕಿಕೊಳ್ಳುವ ಬಗೆ ಅದೇ.

ಎಣ್ಣೆ ಬಟ್ಟೆಯನ್ನು ಒಳಗೆ ಬರುವಾಗಲೇ ಬೇರೆ ಬಣ್ಣದ ಚೀಲಕ್ಕೆ ಹಾಕಿಸಿ. 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ, ಎಣ್ಣೆ ಬಿಡಿಸುವ ಎಮಲ್ಸಿಫೈಯರ್ ಸೇರಿಸಿ ಒಗೆಯಬೇಕು. ಡ್ರಮ್‌ನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ತಣ್ಣೀರು ವಾಶ್ ಈ ಬಟ್ಟೆಗೆ ನಡೆಯುವುದಿಲ್ಲ. ಸ್ಪಿನ್ ಆದ ಮೇಲೆ ಒಂದು ಟವೆಲ್ ಮೂಸಿ ನೋಡಿ, ಬೆರಳಿಗೆ ಜಿಡ್ಡು ತಾಗುತ್ತದೆಯೇ ಉಜ್ಜಿ ನೋಡಿ. ವಾಸನೆಯೋ ಜಿಡ್ಡೋ ಇದ್ದರೆ ಎರಡನೇ ಸಲ ಒಗೆಯಿರಿ. ಆಗಲೂ ಹೋಗದಿದ್ದರೆ ಅದು ಡ್ರೈಯರ್‌ಗೆ ಹೋಗಬಾರದು, ತಂತಿಯ ಮೇಲೆ ಬಿಡಿಬಿಡಿಯಾಗಿ ಒಣಗಲಿ. ಹಳದಿಗೆ ತಿರುಗಿ ಗಟ್ಟಿಯಾದ ಹಳೆಯ ಸ್ಪಾ ಟವೆಲ್‌ಗಳನ್ನು ಬದಲಿಸಲು ಗಿರಾಕಿಗೆ ಖಡಾಖಂಡಿತವಾಗಿ ಹೇಳಬೇಕು.

ಎಣ್ಣೆ ಇರಲಿ ಬಿಡಲಿ, ತಣಿಸುವ ಹಂತ ತಪ್ಪಿಸಲೇಬಾರದು. ಬಟ್ಟೆಯಲ್ಲಿ ತೇವ ಇರುವವರೆಗೆ ನೀರು ಆವಿಯಾಗುತ್ತಾ ಅದನ್ನು ತಂಪಾಗಿ ಇಟ್ಟಿರುತ್ತದೆ. ತೇವ ಮುಗಿದ ಕೂಡಲೇ ಬಟ್ಟೆಯ ಕಾವು ಬಿಸಿಗಾಳಿಯ ಮಟ್ಟಕ್ಕೆ ಜಿಗಿಯುತ್ತದೆ. ಬಟ್ಟೆ ಗರಿಗರಿ ಆಗಲೆಂದು ಇನ್ನೂ ಹತ್ತು ನಿಮಿಷ ಓಡಿಸುವುದು ಅದಕ್ಕೇ ಅಪಾಯ. ಹೀಟರ್ ನಿಂತು ಬರಿಯ ಗಾಳಿಯಲ್ಲಿ ಡ್ರಮ್ ಸುತ್ತುವ ಕೊನೆಯ ಹಂತ ದಪ್ಪ ಟವೆಲ್‌ಗೆ 10 ನಿಮಿಷವಾದರೂ ಇರಬೇಕು. ಗಿರಾಕಿ ಕಾಯುತ್ತಿದ್ದಾರೆಂದು ಹುಡುಗರು ಆ ಹಂತದಲ್ಲೇ ಬಾಗಿಲು ತೆಗೆಯುತ್ತಾರೆ. ಗಿರಾಕಿಯೇ ಯಂತ್ರ ಓಡಿಸುವ ಅಂಗಡಿಗಳಲ್ಲಿ ಈ ಸಮಯವನ್ನು ಸೊನ್ನೆ ಮಾಡಲಾಗದಂತೆ ಕಂಟ್ರೋಲರ್‌ನಲ್ಲೇ ಸೆಟ್ ಮಾಡಿಸಿ. ಹೊರಗೆ ತೆಗೆದ ಮೇಲೆ ರಾಶಿಯ ನಡುವೆ ಕೈ ಇಟ್ಟಾಗ ಬಿಸಿ ತಾಗಬಾರದು. ಲೆಕ್ಕಕ್ಕೆ 40 ಡಿಗ್ರಿಗಿಂತ ಕೆಳಗೆ. ಗನ್ನಿನಂಥ ಇನ್‌ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈಯನ್ನಷ್ಟೇ ತೋರಿಸುತ್ತದೆ, ನಡುವಿನ ಕಾವು ತಿಳಿಯಲು ಮೊನೆ ಚುಚ್ಚುವ ಥರ್ಮಾಮೀಟರ್ ಬೇಕು. ದಿನದ ಕೊನೆಯ ಲೋಡ್ ಶಟರ್ ಎಳೆಯುವುದಕ್ಕೆ ಒಂದು ಗಂಟೆ ಮುಂಚೆ ಹೊರಗೆ ಬಂದು ಹರಡಿರಬೇಕು. ಬಿಸಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟುವುದು, ಟ್ರಾಲಿಯಲ್ಲಿ ತುಂಬಿಟ್ಟು ಬೆಳಗ್ಗೆ ಮಡಿಸೋಣ ಎನ್ನುವುದು ಎರಡೂ ನಿಲ್ಲಬೇಕು.

ಕರೆಂಟ್ ಹೋದಾಗ ಏನು ಮಾಡಬೇಕೆಂದು ವಿದೇಶಿ ಯಂತ್ರಗಳ ಕೈಪಿಡಿಯಲ್ಲಿ ಒಂದು ಸಾಲು ಮಾತ್ರ ಇರುತ್ತದೆ. ನಮ್ಮಲ್ಲಿ ಅದು ದಿನನಿತ್ಯದ ವಿಷಯ. ಬಿಸಿ ಹಂತದ ನಡುವೆ ಕರೆಂಟ್ ಹೋದರೆ ಡ್ರಮ್ ನಿಲ್ಲುತ್ತದೆ, ಬ್ಲೋವರ್ ನಿಲ್ಲುತ್ತದೆ, ಹೀಟರ್‌ನಲ್ಲಿ ಉಳಿದ ಕಾವು ಅಲುಗಾಡದ ಬಟ್ಟೆಗೆ ಇಳಿಯುತ್ತದೆ. ಹೊಗೆ, ಕಮಟು ವಾಸನೆ ಇಲ್ಲದಿದ್ದರೆ ಕೂಡಲೇ ಬಾಗಿಲು ತೆಗೆದು ಎಲ್ಲ ಬಟ್ಟೆ ಹೊರಗೆಳೆದು ಬಿಡಿಸಿ ಹರಡಬೇಕು. ಐದು ನಿಮಿಷದಲ್ಲಿ ಬರುತ್ತದೆ ಎಂದು ಕಾಯಬಾರದು. ಜನರೇಟರ್ ಇದ್ದರೂ ಅನೇಕ ಯಂತ್ರಗಳು ಮತ್ತೆ ಸ್ಟಾರ್ಟ್ ಬಟನ್ ಒತ್ತುವವರೆಗೆ ಓಡುವುದಿಲ್ಲ. ಡ್ರೈಯರ್ ಓಡುವಾಗ ಅಂಗಡಿಯಲ್ಲಿ ಒಬ್ಬರಾದರೂ ಇರಲೇಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮೆಕ್ಯಾನಿಕ್‌ಗಳ ಒಂದು ಮಾತಿಗೆ ಯಾವ ಮಾಲೀಕನೂ ಒಪ್ಪಬಾರದು: ‘ಕಟ್‌ಔಟ್ ಪದೇ ಪದೇ ಹೋಗ್ತಿದೆ ಸಾರ್, ಡೈರೆಕ್ಟ್ ಮಾಡಿಬಿಡ್ತೀನಿ.’ ಕಾವು ಮಿತಿ ಮೀರಿದಾಗ ಹೀಟರ್ ನಿಲ್ಲಿಸುವ ಥರ್ಮಲ್ ಕಟ್‌ಔಟ್, ಗಾಳಿ ಕಡಿಮೆಯಾದಾಗ ಹೀಟರ್ ನಿಲ್ಲಿಸುವ ಏರ್‌ಫ್ಲೋ ಸ್ವಿಚ್, ಬಾಗಿಲ ಸ್ವಿಚ್, ಇವುಗಳಲ್ಲಿ ಯಾವುದನ್ನೂ ತುಂಡು ವೈರ್ ಹಾಕಿ ಸೇರಿಸಬಾರದು. ಕಟ್‌ಔಟ್ ಮತ್ತೆ ಮತ್ತೆ ಬಿಡುವುದು ಬಹುತೇಕ ಡಕ್ಟ್ ಕಟ್ಟಿರುವುದರಿಂದ, ಇಲ್ಲವೇ ಮಾಮೂಲಿ ಕಾವು ನಿಯಂತ್ರಿಸುವ ಥರ್ಮೋಸ್ಟ್ಯಾಟ್ ಅಂಟಿಕೊಂಡಿರುವುದರಿಂದ. ಅದು ಬಿಟ್ಟುಕೊಂಡದ್ದಕ್ಕೇ ಬೆಂಕಿ ಆಗಲಿಲ್ಲ. ಹಾಕುವ ಹೊಸ ಕಟ್‌ಔಟ್‌ನ ಮೇಲೆ ಅಚ್ಚಾದ ಡಿಗ್ರಿ ಹಳೆಯದರಷ್ಟೇ ಇರಬೇಕು. ಸೆಕೆಂಡ್ ಹ್ಯಾಂಡ್ ಡ್ರೈಯರ್ ಕೊಳ್ಳುವವರು ಹಿಂದಿನ ಕವರ್ ಬಿಚ್ಚಿಸಿ, ಈ ಮೂರರಲ್ಲಿ ಯಾವುದನ್ನೂ ತಪ್ಪಿಸಿ ತುಂಡು ವೈರ್ ಹಾಕಿಲ್ಲವೆಂದು ಕಣ್ಣಾರೆ ನೋಡಿ ಹಣ ಕೊಡಲಿ.

ಡ್ರಮ್‌ಗೆ ಹೋಗಬಾರದ ಬೇರೆ ವಸ್ತುಗಳೂ ಇವೆ. ಫೋಮ್ ದಿಂಬು, ರಬ್ಬರ್ ತಳದ ಕಾಲೊರಸು, ಜೇಬಿನ ಲೈಟರ್, ಬೆಂಕಿಪೊಟ್ಟಣ, ಕರ್ಪೂರ, ಇಯರ್‌ಬಡ್. ಎಂಟಿಓ (ಮಿನರಲ್ ಟರ್ಪೆಂಟೈನ್ ಎಣ್ಣೆ) ಅಥವಾ ಪೆಟ್ರೋಲ್ ಹಾಕಿ ಕಲೆ ತೆಗೆದ ಬಟ್ಟೆ ಮಾಮೂಲಿ ಡ್ರೈಯರ್‌ಗೆ ಹೋದರೆ ಬೆಂಕಿಯಷ್ಟೇ ಅಲ್ಲ, ಸ್ಫೋಟವೇ ಆಗಬಹುದು. ಡ್ರೈ ಕ್ಲೀನಿಂಗ್ ಜೊತೆಗೆ ಲಾಂಡ್ರಿಯನ್ನೂ ನಡೆಸುವವರು ಈ ಎರಡು ಕೆಲಸಗಳಿಗೆ ಬೇರೆ ಕೋಣೆ ಇಡಬೇಕು.

ವೈರಿಂಗ್ ಮುಖ್ಯವಲ್ಲ ಎಂದು ನಾವು ಹೇಳುತ್ತಿಲ್ಲ. ಮೂರು ಫೇಸ್ ಡ್ರೈಯರ್‌ಗಳ ಟರ್ಮಿನಲ್ ಸ್ಕ್ರೂಗಳು ಕಾವಿಗೆ ಹಿಗ್ಗಿ ಕುಗ್ಗಿ ಸಡಿಲವಾಗುತ್ತವೆ, ಆರು ತಿಂಗಳಿಗೊಮ್ಮೆ ಬಿಗಿ ಮಾಡಿಸಬೇಕು. ಟ್ರಿಪ್ ಆಗುತ್ತದೆಂದು ದೊಡ್ಡ ಎಂಸಿಬಿ ಹಾಕಿಸಬಾರದು. ಗ್ಯಾಸ್ ಡ್ರೈಯರ್‌ಗೆ 19 ಕಿಲೋದ ವಾಣಿಜ್ಯ ಸಿಲಿಂಡರ್‌ಗಳನ್ನೇ ಬಳಸಿ, ಕಟ್ಟಡದ ಹೊರಗೆ ಗಾಳಿಯಾಡುವ ಕಡೆ ನಿಲ್ಲಿಸಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಬೇಸ್‌ಮೆಂಟ್ ಬೇಡವೇ ಬೇಡ. ಒಟ್ಟು 100 ಕಿಲೋ ಮೀರಿದರೆ ಲೈಸೆನ್ಸ್ ಬೇಕು, ಅಂದರೆ ಖಾಲಿ ತುಂಬಿದ್ದು ಸೇರಿ ಐದು ಸಿಲಿಂಡರ್‌ಗೆ ನಿಲ್ಲಿಸುವುದು ಕ್ಷೇಮ.

ಡ್ರಮ್‌ನೊಳಗೆ ಹೊಗೆ ಕಂಡರೆ ಬಾಗಿಲು ತೆಗೆಯಬೇಡಿ. ಏನಾಗಿದೆ ನೋಡೋಣ ಎಂದು ಎಲ್ಲರಿಗೂ ಮೊದಲು ಅನಿಸುವುದು ಅದೇ. ತೆಗೆದ ಕ್ಷಣ ಗಾಳಿ ನುಗ್ಗಿ ಉರಿ ಮುಖಕ್ಕೆ ಬರುತ್ತದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿ, ಗ್ಯಾಸ್ ವಾಲ್ವ್ ಮುಚ್ಚಿ, ಮೇನ್ ಆಫ್ ಮಾಡಿ. ಮೇನ್ ಸ್ವಿಚ್ ಡ್ರೈಯರ್‌ಗಳ ಹಿಂದಿನ ಗೋಡೆಯಲ್ಲಿದ್ದರೆ ಅದನ್ನು ಇವತ್ತೇ ಶಟರ್ ಪಕ್ಕಕ್ಕೆ ತರಿಸಿ. ಎಲ್ಲರನ್ನೂ ಹೊರಗೆ ಕಳಿಸಿ, ಮೇಲಿನ ಮನೆಯವರಿಗೆ ಕೂಗಿ ಹೇಳಿ, 101 ಅಥವಾ 112ಕ್ಕೆ ಕರೆ ಮಾಡಿ. ಬಾಗಿಲು ಮುಚ್ಚಿದ ಡ್ರಮ್ ಸ್ವಲ್ಪ ಹೊತ್ತು ಬೆಂಕಿಯನ್ನು ಹಿಡಿದಿಡುತ್ತದೆ, ಆ ಹೊತ್ತನ್ನು ಜನರನ್ನು ಹೊರಗೆ ಕಳಿಸಲು ಬಳಸಿ. ಡಕ್ಟ್‌ನ ಹತ್ತಿರ ಅಂಗೈ ಹಿಂಬದಿ ಹಿಡಿದಾಗ ಕಾವು ರಾಚಿದರೆ ಬೆಂಕಿ ಡಕ್ಟ್‌ಗೆ ಹೋಗಿದೆ, ಆಗ ಒಳಗೆ ನಿಲ್ಲಬೇಡಿ. 6 ಕಿಲೋದ ಎಬಿಸಿ ಪೌಡರ್ ನಂದಕ ಯಂತ್ರದ ಹೊರಗೆ ಕಂಡ ಉರಿಯನ್ನು ತಗ್ಗಿಸುತ್ತದೆ. ಬಟ್ಟೆ ರಾಶಿಯ ಒಳಗಿನ ಕೆಂಡಕ್ಕೆ ಪೌಡರ್ ತಲುಪುವುದಿಲ್ಲ, ಅದಕ್ಕೆ ನೀರೇ ಬೇಕು, ಕರೆಂಟ್ ಪೂರ್ತಿ ಕಡಿದ ಮೇಲೆ. ಉರಿ ಆರಿತೆಂದು ಬಟ್ಟೆಯನ್ನು ಒಳಗೇ ಬಿಟ್ಟರೆ ಮತ್ತೆ ಹೊತ್ತುತ್ತದೆ. ಅಗ್ನಿಶಾಮಕ ಸಿಬ್ಬಂದಿ ಅದನ್ನು ಹೊರಗೆ ತೆಗೆದು ನೀರಿನಲ್ಲಿ ನೆನೆಸುವವರೆಗೆ ಮುಗಿಯಿತು ಎನ್ನುವಂತಿಲ್ಲ.

ವರದಿಗಾರರಲ್ಲಿ ಒಂದು ವಿನಂತಿ. ಲಾಂಡ್ರಿ ಬೆಂಕಿಯ ಸುದ್ದಿ ಬರೆಯುವಾಗ ಕೊನೆಯ ಲೋಡ್ ಎಷ್ಟು ಹೊತ್ತಿಗೆ ಹೊರಗೆ ಬಂದಿತ್ತು, ಅದು ಯಾರ ಬಟ್ಟೆ, ಉರಿ ಮೊದಲು ಕಂಡದ್ದು ಯಂತ್ರದಲ್ಲೋ ಬಟ್ಟೆ ರಾಶಿಯಲ್ಲೋ ಎಂದು ಕೇಳಿ ಬರೆಯಿರಿ. ಮೂರು ಸಾಲು ಹೆಚ್ಚಾಗುತ್ತದೆ, ಓದುವ ಮಾಲೀಕರಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ. ಟ್ರೇಡ್ ಲೈಸೆನ್ಸ್ ಕೊಡುವ ಪಾಲಿಕೆ, ಪುರಸಭೆಗಳ ಅಧಿಕಾರಿಗಳು ಡಕ್ಟ್ ಹೊರಗೆ ಹೋಗಿದೆಯೇ, ಮೇನ್ ಸ್ವಿಚ್ ಬಾಗಿಲ ಬಳಿ ಇದೆಯೇ ಎಂಬ ಎರಡನ್ನಾದರೂ ಸ್ಥಳಕ್ಕೆ ಬಂದು ನೋಡಲಿ.

ಇನ್ನೊಂದು ವಿಷಯ ವಿಮೆಯದು, ಬಹಳ ಮಾಲೀಕರಿಗೆ ಬೆಂಕಿ ಆದ ಮೇಲಷ್ಟೇ ಗೊತ್ತಾಗುವಂಥದು. ನಮ್ಮ ದೇಶದಲ್ಲಿ 2021ರ ಏಪ್ರಿಲ್‌ಗೆ ಮುಂಚೆ ಸಣ್ಣ ಅಂಗಡಿಗಳಿಗೂ ಕೊಡುತ್ತಿದ್ದ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ, ಬಿಸಿ ಮಾಡುವ ಅಥವಾ ಒಣಗಿಸುವ ಪ್ರಕ್ರಿಯೆಗೆ ಒಳಗಾಗಿರುವ ವಸ್ತುವಿಗೆ ಅದರಿಂದಲೇ ಆದ ಹಾನಿಗೆ ಪರಿಹಾರ ಇಲ್ಲ ಎಂಬ ಷರತ್ತು ಇತ್ತು. ತಾನಾಗಿ ಹೊತ್ತಿದ ವಸ್ತುವಿನ ಹಾನಿಯೂ ಅದರಲ್ಲಿ ಹೊರತಾಗಿತ್ತು, ಬೇಕೆಂದರೆ ಪ್ರತ್ಯೇಕ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ನಿಮ್ಮ ಈಗಿನ ಪಾಲಿಸಿಯಲ್ಲಿ ಇವೆರಡೂ ಹೇಗಿವೆ ಎಂದು ನೋಡಿ. ಗಿರಾಕಿಗಳ ಬಟ್ಟೆ ನಿಮ್ಮ ಸ್ವತ್ತಲ್ಲ, ನಿಮ್ಮ ವಶದಲ್ಲಿರುವ ಇತರರ ಮಾಲು ಎಂದು ಪಾಲಿಸಿಯಲ್ಲಿ ಬೇರೆಯಾಗಿ ಬರೆಸದಿದ್ದರೆ ಅದಕ್ಕೂ ರಕ್ಷಣೆ ಸಿಗದೆ ಹೋಗಬಹುದು. ಈ ಸಲ ನವೀಕರಿಸುವ ಮುಂಚೆ ಏಜೆಂಟ್‌ನಿಂದ ಈ ಮೂರಕ್ಕೂ ಉತ್ತರವನ್ನು ಬಾಯಿಮಾತಲ್ಲಿ ಅಲ್ಲ, ಬರಹದಲ್ಲಿ ತೆಗೆದುಕೊಳ್ಳಿ.

ಇತಿ,
ಲಾಂಡ್ರಿ ಉದ್ಯೋಗದಲ್ಲಿರುವ ಕೆಲವರು, ಬೆಂಗಳೂರು